ಫಲಪುಷ್ಪ ಪ್ರದರ್ಶನವೂ ಕೊಯ್ದ ಹೂವಿನ ಬಾಳೂ

ಮಲೆನಾಡಿನ ಅಂಗಳಕ್ಕೆ ಹೂವು ಹೊಸದಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಗೃಹಿಣಿಯರು ಡೇರೆಯ ಗಡ್ಡೆಗಳನ್ನು ಪರಸ್ಪರ ಹಂಚಿಕೊಂಡು ಮಳೆಗಾಲದಲ್ಲಿ ಬಗೆಬಗೆಯ ಬಣ್ಣಗಳನ್ನು ಅರಳಿಸುತ್ತ ಬಂದಿದ್ದಾರೆ. ಆದರೆ ಅಂಗಳದ ಹೂವು ಬೇರೆ, ಮಾರುಕಟ್ಟೆಯ ಹೂವು ಬೇರೆ. ಉದ್ದ ದಂಟಿನೊಡನೆ ಕೊಯ್ದು ಹೂದಾನಿಗೆಂದು ಮಾರುವ ‘ಕಟ್ ಫ್ಲವರ್’ ಗಿಡವನ್ನಗಲಿದ ಮೇಲೂ ಹಲವು ದಿನ ಬಾಳಬೇಕು. ಆ ದಿನಗಳೇ ಬೆಳೆಗಾರನ ಬಂಡವಾಳ.

ಈ ಉದ್ಯಮದ ಸೊಬಗನ್ನು ಒಂದೆಡೆ ಕಾಣಲು ಬೆಂಗಳೂರಿನ ಲಾಲ್‌ಬಾಗು ತಕ್ಕ ಸ್ಥಳ. 1889ರಲ್ಲಿ ಅಸ್ತಿಭಾರ ಹಾಕಲಾದ ಅಲ್ಲಿನ ಗಾಜಿನ ಮನೆಯಲ್ಲಿ ಗಣರಾಜ್ಯೋತ್ಸವ, ಸ್ವಾತಂತ್ರ್ಯೋತ್ಸವಗಳ ಸಂದರ್ಭದಲ್ಲಿ ಫಲಪುಷ್ಪ ಪ್ರದರ್ಶನ ನಡೆಯುತ್ತದೆ. ತೋಟಗಾರಿಕೆ ಇಲಾಖೆಯೊಡನೆ ಇದರಲ್ಲಿ ಪಾಲ್ಗೊಳ್ಳುವ ಮೈಸೂರು ಉದ್ಯಾನ ಕಲಾ ಸಂಘವು 1912ರಲ್ಲಿ ಸ್ಥಾಪಿತವಾದುದು. ಗುಲಾಬಿಗಳಿಂದ ಕಟ್ಟಿದ ಮಂಟಪ, ಗೋಪುರಗಳನ್ನು ಕಂಡು ಜನ ಬೆರಗಾಗುತ್ತಾರೆ. ವಿಚಾರವಂತನಾದ ಪ್ರೇಕ್ಷಕನು ಇನ್ನೊಂದು ಪ್ರಶ್ನೆಯನ್ನೂ ಕೇಳಿಕೊಳ್ಳಬೇಕು: ಬೇರಿಲ್ಲದ ಹೂವು ಬಾಡದೆ ನಿಲ್ಲುವುದು ಹೇಗೆ?

ಕೊಯ್ದ ಹೂವೂ ಉಸಿರಾಡುತ್ತದೆ; ತನ್ನಲ್ಲಿ ಕೂಡಿಟ್ಟ ಸಕ್ಕರೆಯನ್ನು ವ್ಯಯಿಸುತ್ತದೆ. ಶಾಖ ಹೆಚ್ಚಿದಂತೆ ಈ ವ್ಯಯವೂ ಹೆಚ್ಚು. ಆದಕಾರಣ ಬೆಳಗಿನ ತಂಪಿನಲ್ಲಿ ಕೊಯ್ದು ಕೂಡಲೇ ನೀರಿನಲ್ಲಿಡಬೇಕು. ದಂಟಿನೊಳಗೆ ಗಾಳಿಯ ಗುಳ್ಳೆ ಸೇರಿದರೆ ಅಥವಾ ಕೊಳೆನೀರಿನ ಸೂಕ್ಷ್ಮಜೀವಿಗಳು ತುಂಬಿಕೊಂಡರೆ ನೀರು ಮೇಲೇರದು. ಶುದ್ಧ ನೀರಿನೊಳಗೇ ದಂಟಿನ ತುದಿಯನ್ನು ಮತ್ತೊಮ್ಮೆ ಕತ್ತರಿಸುವುದು ಇದಕ್ಕೆ ಪರಿಹಾರ. ಮಾಗಿದ ಬಾಳೆಗೊನೆಯ ಬಳಿ ಹೂವನ್ನಿಡಲಾಗದು. ಹಣ್ಣು ಹೊರಬಿಡುವ ಎಥಿಲೀನ್ ಅನಿಲವು ಕಾರ್ನೇಷನ್ ಮೊದಲಾದ ಹೂಗಳಿಗೆ ಅಕಾಲ ಮುಪ್ಪು ತರುತ್ತದೆ. ಗ್ಲಾಡಿಯೋಲಸ್ ದಂಟುಗಳನ್ನು ಅಡ್ಡ ಮಲಗಿಸಿದರೆ ತುದಿ ಮೇಲಕ್ಕೆ ಬಾಗಿ ಬೆಲೆ ಕುಸಿಯುತ್ತದೆ.

ಮಲೆನಾಡಿಗೆ ಈ ಪಾಠ ಮುಖ್ಯ. ಇಲ್ಲಿನ ನೆರಳು, ತೇವಗಳಿಗೆ ಒಗ್ಗುವ ಆಂಥೂರಿಯಂ ಮೂಲತಃ ದಕ್ಷಿಣ ಅಮೆರಿಕದ ಕೊಲಂಬಿಯಾ, ಎಕ್ವಡಾರ್ ಕಾಡುಗಳ ಗಿಡ. ಹೂವೆಂದು ಕಾಣುವ ಅದರ ಹೊಳೆಯುವ ಕೆಂಪು ಭಾಗವು ವಾಸ್ತವವಾಗಿ ಮಾರ್ಪಟ್ಟ ಎಲೆ. ನಿಜವಾದ ಹೂಗಳು ನಡುವಣ ಕಡ್ಡಿಯ ಮೇಲಿನ ಸಣ್ಣ ಕಣಗಳು. ಬಲಿತ ಮೇಲೆ ಕೊಯ್ದರೆ ಎರಡು ವಾರಗಳಿಗೂ ಮೀರಿ ಬಾಳೀತು. ಉಷ್ಣವಲಯದ ಈ ಹೂವಿಗೆ ಅತಿ ಶೀತವೂ ಕೇಡು.

ಸಾಗರದಿಂದ ಬೆಂಗಳೂರಿಗೆ ಸುಮಾರು 350 ಕಿಲೋಮೀಟರು. ಹತ್ತಾರು ಹೂಗಳನ್ನಷ್ಟೇ ಬೆಳೆವ ಮನೆಯೊಂದು ಈ ಸಾಗಣೆಯ ವೆಚ್ಚವನ್ನು ಒಂಟಿಯಾಗಿ ಹೊರಲಾರದು. ನೆರೆಹೊರೆಯವರು ಕೂಡಿ ಕಳುಹಿಸಿದರೆ ಹೊರೆ ಹಗುರಾದೀತು. ಡೇರೆಯ ಗಡ್ಡೆಯನ್ನು ಹಂಚಿಕೊಂಡ ಕೈಗಳಿಗೆ ಇದು ಅಸಾಧ್ಯವಲ್ಲ. ಶಾಲೆಯ ಕೈತೋಟದ ಎರಡು ಹೂಗಳನ್ನು, ಒಂದನ್ನು ಶುದ್ಧ ನೀರಿನಲ್ಲೂ ಇನ್ನೊಂದನ್ನು ಕೊಳೆನೀರಿನಲ್ಲೂ ಇರಿಸಿ ದಿನಗಳನ್ನೆಣಿಸಿದರೆ ಮಕ್ಕಳೂ ಇದರ ಮೊದಲ ಪಾಠವನ್ನು ಕಲಿಯಬಲ್ಲರು.