ಹೊಳೆ ದಂಡೆಯ ಊರುಗಳಲ್ಲಿ ಕಾಲೇಜು ಮಕ್ಕಳ ಒಂದು ದಿನ

ನಿಮ್ಮ ಊರಿಗೆ ಕಾಲೇಜು ಹುಡುಗ ಹುಡುಗಿಯರು ಗುಂಪಾಗಿ ಬಂದದ್ದನ್ನು ನೋಡಿದ್ದೀರಾ? ಗಿಡ ನೆಡ್ತಾರೆ. ಚರಂಡಿ ತೆಗೀತಾರೆ. ಮನೆ ಮನೆಗೆ ಹೋಗಿ ಏನೇನೋ ಕೇಳಿ ಬರಕೊಳ್ತಾರೆ. ಇವರಲ್ಲಿ ಹೆಚ್ಚಿನವರು ಎನ್.ಎಸ್.ಎಸ್. ಮಕ್ಕಳು. ಎನ್.ಎಸ್.ಎಸ್. ಅಂದರೆ ರಾಷ್ಟ್ರೀಯ ಸೇವಾ ಯೋಜನೆ. ಗಾಂಧೀಜಿ ಹುಟ್ಟಿ ನೂರು ವರ್ಷ ತುಂಬಿದಾಗ, 1969ರಲ್ಲಿ, ಇದು ಶುರುವಾಯಿತು. ಒಬ್ಬೊಬ್ಬರೂ ವರ್ಷಕ್ಕೆ 120 ಗಂಟೆ ಸೇವೆ ಮಾಡಬೇಕು. ಹೀಗೆ ಎರಡು ವರ್ಷ. ಸಂಬಳ ಇಲ್ಲ.

ಇಂಥ ಒಂದು ಗುಂಪು ನಮ್ಮ ಕಾವೇರಿ ದಂಡೆ ಹಿಡಿದು ಹೊರಟರೆ ದಿನ ಹೇಗಿರುತ್ತದೆ? ಬನ್ನಿ, ಜೊತೆಗೆ ಹೋಗಿ ನೋಡೋಣ.

ಬೆಳಿಗ್ಗೆ ಧರ್ಮಪುರಿ ಜಿಲ್ಲೆಯ ಪೆನ್ನಾಗರಂ ದಾಟಿ ಹೊಗೇನಕಲ್. ಹೆಸರು ನಮ್ಮ ಕನ್ನಡದ್ದೇ. ನೀರು ಬಂಡೆ ಮೇಲೆ ಬಿದ್ದು ಹೊಗೆ ಹಾಗೆ ಏಳುತ್ತದೆ, ಹೊಗೆಯ ಕಲ್ಲು. ಇಲ್ಲಿ ಹರಿಗೋಲು ಇದೆ. ತಮಿಳಿನಲ್ಲಿ ಪರಿಸಲ್ ಅಂತಾರೆ. ಬಿದಿರಿನ ದೊಡ್ಡ ಬುಟ್ಟಿ ಅಂತ ತಿಳಿಯಿರಿ. ಹಿಂದೆ ಹೊರಗಡೆ ಚರ್ಮ ಹೊದಿಸುತ್ತಿದ್ದರು. ಹತ್ತುವಾಗ ತೇಲುವ ಅಂಗಿ ಹಾಕಿಕೊಳ್ಳಲೇಬೇಕು. ಈಜು ಬರುತ್ತೆ ಅನ್ನೋರೂ ಹಾಕಬೇಕು.

ಆದರೆ ಮಕ್ಕಳು ಬಂದದ್ದು ಜಲಪಾತ ನೋಡೋಕಲ್ಲ. ಅವರ ಚೀಲದಲ್ಲಿ ನೀರು ಪರೀಕ್ಷೆ ಮಾಡುವ ಸಣ್ಣ ಪೆಟ್ಟಿಗೆ ಇದೆ. ಊರಿನ ಬೋರ್‌ವೆಲ್ ನೀರನ್ನು ಗಾಜಿನ ಕೊಳವೆಗೆ ಹಾಕ್ತಾರೆ. ಅದಕ್ಕೆ ಔಷಧಿಯ ಕೆಲವು ಹನಿ. ಬಣ್ಣ ಗುಲಾಬಿ ಇದ್ದರೆ ಪರವಾಗಿಲ್ಲ. ಹಳದಿಗೆ ತಿರುಗಿದಷ್ಟೂ ಫ್ಲೋರೈಡ್ ಜಾಸ್ತಿ.

ಫ್ಲೋರೈಡ್ ಅಂದರೇನು? ನೆಲದೊಳಗಿನ ಕಲ್ಲಿನಿಂದ ನೀರಿಗೆ ಇಳಿಯುವ ಒಂದು ವಸ್ತು. ಅದಕ್ಕೆ ರುಚಿ ಇಲ್ಲ, ವಾಸನೆ ಇಲ್ಲ. ಒಂದು ಲೀಟರ್ ನೀರಿನಲ್ಲಿ ಒಂದೂವರೆ ಮಿಲಿಗ್ರಾಂ ದಾಟಬಾರದು. ಒಂದು ಗ್ರಾಮನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲು ಒಂದು ಮಿಲಿಗ್ರಾಂ. ಅಷ್ಟು ಚೂರೇ ಮಕ್ಕಳ ಹಲ್ಲಿಗೆ ಕಂದು ಕಲೆ ತರುತ್ತದೆ. ವರ್ಷಗಟ್ಟಲೆ ಹೆಚ್ಚು ಕುಡಿದರೆ ಮೂಳೆ, ಕೀಲು ಬಿಗಿಯುತ್ತವೆ. ಬೆನ್ನು ಬಾಗುತ್ತದೆ. ‘ಹಲ್ಲು ಸರಿಯಾಗಿ ಉಜ್ಜಲ್ಲ’ ಅಂತ ಮಗುವನ್ನು ಬೈತೀವಲ್ಲ, ತಪ್ಪು ಮಗುವಿನದಲ್ಲದೆ ಇರಬಹುದು! ಇನ್ನೊಂದು ಮಾತು. ನೀರು ಕಾಯಿಸಿದರೆ ಕ್ರಿಮಿ ಸಾಯುತ್ತವೆ, ಫ್ಲೋರೈಡ್ ಹೋಗಲ್ಲ. ನೀರು ಆವಿಯಾಗಿ ಉಳಿದದ್ದರಲ್ಲಿ ಅದು ಇನ್ನೂ ಗಟ್ಟಿಯಾಗುತ್ತದೆ.

ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳಲ್ಲಿ ಈ ತೊಂದರೆ ಬಹಳ. ಅದಕ್ಕೇ ಹೊಗೇನಕಲ್ ನೀರಿನ ಯೋಜನೆ ಬಂತು. 2008ರಲ್ಲಿ ಅಡಿಗಲ್ಲು, 2013ರಲ್ಲಿ ಉದ್ಘಾಟನೆ. ಜಪಾನ್ ದೇಶ ಸಾಲ ಕೊಟ್ಟಿತು. ಹೊಳೆ ನೀರನ್ನು ಶುದ್ಧಮಾಡಿ ಕೊಳವೆಯಲ್ಲಿ ಊರುಗಳಿಗೆ ಕಳಿಸ್ತಾರೆ. ಆದರೂ ನಲ್ಲಿ ನಿಂತ ದಿನ ನಾವು ಎಲ್ಲಿಗೆ ಹೋಗ್ತೀವಿ? ಮತ್ತೆ ಬೋರ್‌ವೆಲ್ಲಿಗೇ.

ಮಧ್ಯಾಹ್ನ ಒಟ್ಟನೂರು. ಎದುರು ದಂಡೆ ಸೇಲಂ ಜಿಲ್ಲೆಯ ಕೋಟ್ಟೈಯೂರು. ನಡುವೆ ಮೆಟ್ಟೂರು ಅಣೆಕಟ್ಟಿನ ಹಿನ್ನೀರು. ದೋಣಿಯಲ್ಲಾದರೆ ಹತ್ತಿರ, ರಸ್ತೆಯಲ್ಲಿ ಬಲು ಸುತ್ತು. 1925ರಲ್ಲಿ ಶುರುವಾದ ಅಣೆಕಟ್ಟು 1934ರಲ್ಲಿ ಮುಗಿಯಿತು. ಆಗ ಹಲವು ಊರು ಮುಳುಗಿದವು. ನೀರು ತುಂಬಾ ಇಳಿದಾಗ ಪಣ್ಣವಾಡಿಯಲ್ಲಿ ಹಳೇ ನಂದಿ, ಚರ್ಚಿನ ಗೋಪುರ ಮೇಲೆ ಕಾಣ್ತವೆ. ಮುದುಕರು ಮಕ್ಕಳಿಗೆ ಇದನ್ನು ಹೇಳದೆ ಬಿಡಲ್ಲ.

ಮಕ್ಕಳು ತಮಿಳಿನಲ್ಲಿ ಕೇಳಬಹುದು. ನಿಮ್ಮ ಮನೆಮಾತು ಕನ್ನಡ ಆದರೆ ಸಂಕೋಚ ಬೇಡ. ‘ಸ್ವಲ್ಪ ನಿಧಾನ ಹೇಳಪ್ಪ’ ಅನ್ನಿ. ಅವರು ಸಂಜೆ ಬಸ್ ಹತ್ತಿ ಹೋಗ್ತಾರೆ, ನೀರು ಕುಡಿಯೋರು ನೀವು. ಆದ್ದರಿಂದ ಅವರ ಪುಸ್ತಕದಲ್ಲಿ ಮಾತ್ರ ಲೆಕ್ಕ ಇದ್ದರೆ ಸಾಲದು. ನೀವೂ ಒಂದು ಚೀಟಿ ತಗೊಂಡು ತಾರೀಖು ಬರೆಯಿರಿ. ಯಾವ ಬೋರ್‌ವೆಲ್ ಅಂತ ಬರೆಯಿರಿ. ಎಷ್ಟು ಬಂತು ಅಂತ ಕೇಳಿ ಆ ಸಂಖ್ಯೆ ಬರೆಯಿರಿ. ಒಂದೂವರೆ ದಾಟಿದ್ದರೆ ಕುಡಿಯೋಕೆ, ಅಡಿಗೆಗೆ ಆ ನೀರು ಬೇಡ. ಬಟ್ಟೆ ಒಗೆಯೋಕೆ, ದನ ತೊಳೆಯೋಕೆ ಆಗುತ್ತದೆ. ಆ ಚೀಟಿ ತಗೊಂಡು ಪಂಚಾಯಿತಿ ಕಚೇರಿಗೆ ಹೋಗಿ, ನೀರನ್ನು ಸರ್ಕಾರಿ ಪ್ರಯೋಗಶಾಲೆಯಲ್ಲಿ ಇನ್ನೊಮ್ಮೆ ನೋಡಿಸಲು ಅರ್ಜಿ ಕೊಡಿ. ಅರ್ಜಿ ಕೆಳಗೆ ಹೆಬ್ಬೆಟ್ಟು ಬೇಡ, ನಿಮ್ಮ ರುಜು ಹಾಕಿ.