ಕಣಕಾಲಿನ ಬಿಳಿ ಚುಕ್ಕಿ ತೊನ್ನಲ್ಲ

ಐವತ್ತು ದಾಟಿದ ಹೆಂಗಸರು ನನ್ನ ಕ್ಲಿನಿಕ್ಕಿಗೆ ಬಂದು, ಬಾಗಿಲು ಹಾಕಿಸಿದ ಮೇಲೆಯೇ ಸೀರೆ ತುಸು ಎತ್ತಿ ಕಣಕಾಲು ತೋರಿಸುತ್ತಾರೆ. ‘ತೊನ್ನಾ ಡಾಕ್ಟ್ರಮ್ಮ?’ ಎಂದು ಕೇಳುವಾಗ ದನಿ ಇಳಿದಿರುತ್ತದೆ. ಮಗಳಿಗೆ ಗಂಡು ನೋಡುತ್ತಿದ್ದರಂತೂ ಅವರ ಸಂಕಟ ಹೇಳತೀರದು.

ಕಿಟಕಿಯ ಬೆಳಕಿಗೆ ಕಾಲು ತಿರುಗಿಸಿ ನೋಡುತ್ತೇನೆ. 2ರಿಂದ 5 ಮಿಲಿಮೀಟರಿನ ಬಿಳಿ ಚುಕ್ಕಿಗಳು. ಅಂಚು ಸ್ಪಷ್ಟ, ತುರಿಕೆಯಿಲ್ಲ, ಒಂದಕ್ಕೊಂದು ಕೂಡಿಕೊಂಡಿಲ್ಲ. ಚುಕ್ಕಿಯೊಳಗಿನ ರೋಮ ಕಪ್ಪಾಗಿಯೇ ಇದೆ. ಇಷ್ಟು ಕಂಡರೆ ನನಗೆ ನಿರಾಳ. ತೊನ್ನು ಹೀಗೆ ಸಾಸಿವೆ, ಕಡಲೆಯ ಗಾತ್ರಕ್ಕೆ ನಿಲ್ಲುವುದು ಕಡಿಮೆ; ಹರಡಿ ಕೂಡಿಕೊಳ್ಳುತ್ತದೆ, ತುಟಿ, ಬೆರಳ ತುದಿ, ಕಣ್ಣಿನ ಸುತ್ತ ಕಾಣಿಸಿಕೊಳ್ಳುತ್ತದೆ, ಎಷ್ಟೋ ಸಲ ಅಲ್ಲಿನ ರೋಮವೂ ಬೆಳ್ಳಗಾಗುತ್ತದೆ. ಅದೂ ಅಂಟುರೋಗವಲ್ಲ ಎಂಬುದನ್ನು ನಮ್ಮ ಜನ ಇನ್ನೂ ನಂಬುವುದಿಲ್ಲವಲ್ಲ, ಅದೇ ನನ್ನ ದೊಡ್ಡ ನೋವು.

ವಯಸ್ಸಾದಂತೆ ಚರ್ಮಕ್ಕೆ ಬಣ್ಣ ಕೊಡುವ ಕೋಶಗಳು ಅಲ್ಲಲ್ಲಿ ಕಡಿಮೆಯಾಗುತ್ತವೆ. ಅಷ್ಟಷ್ಟೇ ಜಾಗ ಬಿಳುಪಾಗುತ್ತದೆ. ಇಡಿಯೋಪಥಿಕ್ ಗಟೇಟ್ ಹೈಪೋಮೆಲನೋಸಿಸ್ ಎಂಬ ಹೆಸರು ಇದಕ್ಕೆ ಬಂದದ್ದು 1966ರಲ್ಲಿ. ಕಾರಣ ಇದೊಂದೇ ಎಂದು ಹೇಳಲಾಗದು. ವಯಸ್ಸು, ವರ್ಷಗಟ್ಟಲೆ ಬಿದ್ದ ಬಿಸಿಲು, ವಂಶದ ಗುಣ ಎಲ್ಲದರ ಪಾಲೂ ಇರುವಂತಿದೆ. ಸೀರೆ ಎತ್ತಿ ಕಟ್ಟಿ ನಾಟಿ ಮಾಡಿದವರ ಕಾಲಿನಲ್ಲಿ, ಅರ್ಧ ತೋಳಿನ ಅಂಗಿ ತೊಟ್ಟು ದುಡಿದವರ ಮುಂಗೈಯಲ್ಲಿ ನಾನಿದನ್ನು ಹೆಚ್ಚು ಕಂಡಿದ್ದೇನೆ. ತಿಂದದ್ದಕ್ಕೂ ಇದಕ್ಕೂ ಸಂಬಂಧವಿಲ್ಲ. ಮೀನು, ಮೊಸರು, ಬದನೆಕಾಯಿ ಬಿಟ್ಟು ಸೊರಗಬೇಡಿ.

ಒಬ್ಬ ಅಜ್ಜಿ ಯಾರದೋ ಮಾತು ಕೇಳಿ ಬಾವಂಚಿ ಎಣ್ಣೆ ಸವರಿಕೊಂಡು ಬಿಸಿಲಿಗೆ ಕಾಲೊಡ್ಡಿ ಕೂತಿದ್ದರು. ಆ ಎಣ್ಣೆಗೆ ಬಿಸಿಲು ತಾಕಿದರೆ ಚರ್ಮ ಸುಡುತ್ತದೆ. ಗುಳ್ಳೆಯೆದ್ದು ಒಡೆದು, ಯಾವ ತೊಂದರೆಯೂ ಕೊಡದಿದ್ದ ಚುಕ್ಕಿಗಳ ಜಾಗದಲ್ಲಿ ಹುಣ್ಣಾಗಿತ್ತು. ಅವರ ಕಾಲಿಗೆ ಪಟ್ಟಿ ಕಟ್ಟುವಾಗ ನನಗೆ ಅಳು ಬಂತು.

ಎದೆ, ಬೆನ್ನಿನ ಮೇಲೆ ಬಂದು, ಕೆರೆದರೆ ಹೊಟ್ಟು ಉದುರುವುದು ಚಿಬ್ಬು, ಮುಲಾಮಿಗೆ ಹೋಗುತ್ತದೆ. ಮುಟ್ಟಿದರೆ ಗೊತ್ತಾಗದ, ಜೋಮು ಹಿಡಿದಂಥ ಮಚ್ಚೆ ಕಂಡರೆ ಮಾತ್ರ ತಡಮಾಡಬೇಡಿ, ಅದು ಕುಷ್ಠವಿರಬಹುದು. ಸರ್ಕಾರಿ ಆಸ್ಪತ್ರೆಯಲ್ಲಿ ಔಷಧ ಉಚಿತ, ಪೂರ್ತಿ ವಾಸಿಯಾಗುತ್ತದೆ.

ವಯಸ್ಸಿನ ಈ ಚುಕ್ಕಿಗಳನ್ನು ದ್ರವ ಸಾರಜನಕ ತಾಗಿಸಿ ಮಾಸಿಸಲು ಯತ್ನಿಸಬಹುದು. ಆದರೆ ನಮ್ಮ ಮೈಬಣ್ಣಕ್ಕೆ ಅಲ್ಲಿ ಕಪ್ಪು ಕಲೆ ಉಳಿಯುವ ಭಯವಿದೆ. ಹಾಗಾಗಿ ಕೇಳಿದವರಿಗೆಲ್ಲ ಬೇಡವೆಂದೇ ಹೇಳುತ್ತೇನೆ. ಬಿಸಿಲಿಗೆ ಹೋಗುವಾಗ ತುಂಬುತೋಳು ತೊಡಿ, ಸನ್‌ಸ್ಕ್ರೀನ್ ಹಚ್ಚಿ. ಚುಕ್ಕಿ ದೊಡ್ಡದಾದರೆ ಅಥವಾ ಒಂದಕ್ಕೊಂದು ಕೂಡಿಕೊಂಡರೆ ಮತ್ತೆ ಬನ್ನಿ, ನೋಡೋಣ.