ಅಜ್ಜನ ಸೈಕಲ್‌ಗೆ ಹೊಸ ಪೇಂಟ್ ಹೊಡೆಸೋ ಮುಂಚೆ ಇದನ್ನ ಓದಿ

ಜಯನಗರ: ಜಯನಗರ, ಬನಶಂಕರಿ ಕಡೆ ಹಳೇ ಮನೆ ಕೆಡವಿ ಅಪಾರ್ಟ್‌ಮೆಂಟ್ ಕಟ್ಟೋದು ಈಗ ಮಾಮೂಲಿ. ಮನೆ ಖಾಲಿ ಮಾಡುವಾಗ ಮೆಟ್ಟಿಲ ಕೆಳಗೆ ಅಜ್ಜ ಆಫೀಸಿಗೆ ತುಳಿದುಕೊಂಡು ಹೋಗುತ್ತಿದ್ದ ರ್ಯಾಲಿಯೋ ಹರ್ಕ್ಯುಲಸ್ಸೋ ಸಿಕ್ಕಿಬಿಡುತ್ತೆ. ಕೆಲವರು ಕೆ.ಜಿ. ಲೆಕ್ಕದಲ್ಲಿ ಗುಜರಿಗೆ ಹಾಕ್ತಾರೆ. ಇನ್ನು ಕೆಲವರು ಪ್ರೀತಿಯಿಂದಲೇ ಫಳಫಳ ಪೇಂಟ್ ಹೊಡೆಸ್ತಾರೆ. ಎರಡರಲ್ಲೂ ಆ ಸೈಕಲ್‌ನ ಗುರುತು ಅಳಿಸಿಹೋಗುತ್ತದೆ. ಒರಿಜಿನಲ್ ಪಾರ್ಟ್ಸ್ ಉಳಿಸಿಕೊಂಡೇ ಅದನ್ನ ರಸ್ತೆಗೆ ಇಳಿಸಬಹುದು. ಹೇಗೆ ಅಂತ ನೋಡೋಣ.

ಯಾವ ಊರಿನ ಸೈಕಲ್?

ಹೆಸರು ಒಂದೇ ಇದ್ದರೂ ಊರು ಬೇರೆ ಇರಬಹುದು. ರ್ಯಾಲಿ ಮೂಲತಃ ಇಂಗ್ಲೆಂಡ್‌ನ ನಾಟಿಂಗ್‌ಹ್ಯಾಮ್‌ನದು. 1950ರ ದಶಕದಿಂದ ಬಂಗಾಳದ ಅಸನ್ಸೋಲ್‌ನಲ್ಲಿ ಸೇನ್-ರ್ಯಾಲಿ ಕಂಪನಿಯೂ ತಯಾರಿಸಿತು. ಹರ್ಕ್ಯುಲಸ್ ಬರ್ಮಿಂಗ್‌ಹ್ಯಾಮ್‌ನದು, ಇಲ್ಲಿ ತಯಾರಿಸಿದ್ದು ಮದ್ರಾಸಿನಲ್ಲಿ 1949ರಲ್ಲಿ ಶುರುವಾದ ಟಿಐ ಸೈಕಲ್ಸ್. ಹ್ಯಾಂಡಲ್ ಕೆಳಗಿನ ಬಿಲ್ಲೆ ಓದಿ. ಹಿಂದಿನ ಚಕ್ರದಲ್ಲಿ ಸ್ಟರ್ಮಿ-ಆರ್ಚರ್ ಮೂರು ಗೇರಿನ ಹಬ್ ಇದ್ದರೆ, ಸಾಮಾನ್ಯವಾಗಿ ಅದರ ಮೇಲೇ ವರ್ಷ, ತಿಂಗಳು ಒತ್ತಿರುತ್ತಾರೆ. 58 ಅಂತಿದ್ದರೆ ಹಬ್ 1958ರದು. ಆದರೆ ಚಕ್ರ ಆಮೇಲೆ ಬದಲಾಗಿರಬಹುದು, ಅದೊಂದನ್ನೇ ನಂಬಬೇಡಿ.

ಬಿಚ್ಚುವಾಗ ಹುಷಾರು

ಮೊದಲು ಎಲ್ಲಾ ಕಡೆಯಿಂದ ಫೋಟೋ ತೆಗೆಯಿರಿ. ಬಿಚ್ಚಿದ ನಟ್ಟು-ಬೋಲ್ಟು ಬೇರೆ ಬೇರೆ ಡಬ್ಬದಲ್ಲಿ ಹಾಕಿ, ಹೆಸರು ಬರೆಯಿರಿ. ಹೆಚ್ಚು ಕಾಟ ಕೊಡೋದು ಪೆಡಲ್ ಕಡ್ಡಿ ಹಿಡಿದಿರೋ ಕಾಟರ್ ಪಿನ್. ಹಿಂದಿನ ರಾತ್ರಿಯೇ ಎಣ್ಣೆ ಬಿಟ್ಟಿಡಿ. ಕೆಳಗೆ ಗಟ್ಟಿ ಆಸರೆ ಕೊಡದೆ ಸುತ್ತಿಗೆ ಹೊಡೆದರೆ ಏಟು ಒಳಗಿನ ಬಾಲ್‌ಗಳ ಮೇಲೆ ಬೀಳುತ್ತದೆ.

ಇನ್ನೊಂದು ವಿಷಯ. ಬೇರೆ ಇಂಗ್ಲಿಷ್ ಸೈಕಲ್‌ಗಳ ಪೆಡಲ್ ಅಚ್ಚಿನ ಕಪ್ಪಿಗೆ ಇಂಚಿಗೆ 24 ಸುತ್ತಿನ ಥ್ರೆಡ್ ಇದ್ದರೆ, ನಾಟಿಂಗ್‌ಹ್ಯಾಮ್ ರ್ಯಾಲಿಗೆ 26. ಅಂಗಡಿಯ ಹೊಸ ಕಪ್ಪನ್ನು ಬಲವಂತವಾಗಿ ತಿರುಗಿಸಿದರೆ ಫ್ರೇಮೇ ಹಾಳು. ಅದಕ್ಕೇ ಹಳೇ ಕಪ್ಪು ಸವೆದಿದ್ದರೂ ಎಸೆಯಬೇಡಿ.

ರಿಮ್ ಕಥೆಯೂ ಹಾಗೇ. ಕಂಬಿ ಬ್ರೇಕ್‌ನ ರಬ್ಬರ್ ಒತ್ತೋದು ರಿಮ್‌ನ ಪಕ್ಕಕ್ಕಲ್ಲ, ಕಡ್ಡಿಗಳ ಕಡೆಯ ಒಳಮೈಗೆ. ಈಗಿನ ಅಲ್ಯೂಮಿನಿಯಂ ರಿಮ್ ಹಾಕಿದರೆ ಬ್ರೇಕ್ ಸರಿಯಾಗಿ ಕೂರಲ್ಲ.

ತುಕ್ಕು ತೆಗೆಯೋಣ, ಬಣ್ಣ ಅಲ್ಲ

ಕ್ರೋಮ್ ಮೇಲಿನ ತುಕ್ಕಿಗೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಉಂಡೆ ಮಾಡಿ, ನೀರಲ್ಲಿ ಅದ್ದಿ ಮೆಲ್ಲಗೆ ಉಜ್ಜಿದರೆ ಸಾಕು. ಫ್ರೇಮಿಗೆ ಸೋಪು ನೀರು, ಮೆತ್ತನೆ ಬಟ್ಟೆ, ಆಮೇಲೆ ವ್ಯಾಕ್ಸ್. ಸ್ಯಾಂಡ್‌ಬ್ಲಾಸ್ಟ್ ಮಾಡಿಸಿದರೆ ಬಂಗಾರದ ಗೆರೆ, ಕಂಪನಿ ಚಿತ್ರ ಎಲ್ಲಾ ಹೋಗುತ್ತೆ. ಪೇಂಟ್ ಯಾವಾಗ ಬೇಕಾದರೂ ಹೊಡೆಸಬಹುದು, ಹೋದ ಗೆರೆ ಮತ್ತೆ ಬರಲ್ಲ.

ಇವು ಹೊಸದೇ ಇರಲಿ

ಟೈರ್, ಟ್ಯೂಬ್, ಬ್ರೇಕ್ ರಬ್ಬರ್, ಬಾಲ್ಸ್, ಕಾಟರ್ ಪಿನ್. ಇಲ್ಲಿ ಹಳೇದರ ಮೋಹ ಬೇಡ, ಜೀವದ ಪ್ರಶ್ನೆ. 28 ಇಂಚಿನ ಟೈರ್ ನಮ್ಮ ದೇಶದಲ್ಲಿ ಇನ್ನೂ ತಯಾರಾಗುತ್ತೆ. ಕೊಳ್ಳುವಾಗ ಒಂದೂವರೆ ಇಂಚು ದಪ್ಪ ಅಂತ ನೋಡಿಕೊಳ್ಳಿ. ಹಳೇ ಚರ್ಮದ ಸೀಟು ಒಣಗಿ ಬಿರಿದಿದ್ದರೆ ಅದರ ಮೇಲೆ ಕೂರಬೇಡಿ, ಎಣ್ಣೆಯಲ್ಲೂ ನೆನೆಸಬೇಡಿ. ಬಿಚ್ಚಿ ಜೋಪಾನ ಮಾಡಿ.

ಪಾರ್ಟ್ಸ್ ಎಲ್ಲಿ ಸಿಗುತ್ತೆ?

ಮೊದಲು ನಿಮ್ಮ ಏರಿಯಾದ ಹಳೇ ಸೈಕಲ್ ಶಾಪ್‌ನಲ್ಲಿ ಕೇಳಿ, ಮಾರಾಟವಾಗದ ಡಬ್ಬ ಅಟ್ಟದಲ್ಲಿ ಇರಬಹುದು. ಆಮೇಲೆ ಶಿವಾಜಿನಗರದ ಗುಜರಿ, ಭಾನುವಾರದ ಸಂಡೆ ಬಜಾರ್. ನಿಮ್ಮ ಹಳೇ ಪಾರ್ಟನ್ನೇ ಸ್ಯಾಂಪಲ್ ಆಗಿ ಒಯ್ಯಿರಿ, ಅಳತೆಯನ್ನೂ ಕಂಪನಿ ಗುರುತನ್ನೂ ಹೋಲಿಸಿ. ಒಂದು ಬೆಲ್‌ಗೋಸ್ಕರ ಇನ್ನೊಂದು ಪೂರ್ತಿ ಸೈಕಲ್ ಬಿಚ್ಚಿಸಬೇಡಿ.

ಕಂಬಿ ಬ್ರೇಕ್ ಹೊಂದಿಸೋಕೆ, ಕಡ್ಡಿ ಎಳೆದು ಚಕ್ರದ ಡೊಂಕು ತೆಗೆಯೋಕೆ ಬರೋ ಹಿರಿಯ ಮೆಕ್ಯಾನಿಕ್‌ಗಳು ಕಡಿಮೆಯಾಗ್ತಿದ್ದಾರೆ. ನಿಮ್ಮ ಕಡೆ ಒಬ್ಬರಿದ್ದರೆ ಸೈಕಲ್ ಬಿಟ್ಟು ಬರಬೇಡಿ, ಪಕ್ಕದಲ್ಲೇ ನಿಂತು ಕಲಿತುಕೊಳ್ಳಿ. ಪಾರ್ಟ್ಸ್ ಇನ್ನೆಲ್ಲಾದರೂ ಸಿಕ್ಕೀತು, ಆ ಕೈಕೆಲಸ ಗುಜರಿಯಲ್ಲಿ ಸಿಗಲ್ಲ.